ಕಾಲಿಗೆ ಉಂಗುರ ತೊಟ್ಟ ಪಾರಿವಾಳ ಗೂಢಚಾರಿಯೇ? ರೇಸ್ ಸೀಸನ್ನಿನಲ್ಲಿ ಅದರ ತರಬೇತಿ ಹೀಗಿರುತ್ತದೆ

ವಾಟ್ಸಾಪ್‌ನಲ್ಲಿ ಆಗಾಗ ಇಂಥದ್ದೊಂದು ಫೋಟೊ ಸುತ್ತುತ್ತಿರುತ್ತದೆ. ಯಾರದೋ ಕೈಯಲ್ಲಿ ಒಂದು ಪಾರಿವಾಳ, ಅದರ ಕಾಲಲ್ಲಿ ಬಣ್ಣದ ಉಂಗುರ, ಉಂಗುರದ ಮೇಲೆ ಒಂದಿಷ್ಟು ಅಕ್ಷರ ಮತ್ತು ಅಂಕಿ. ಕೆಳಗೆ ‘ಶತ್ರು ದೇಶದ ಗೂಢಚಾರಿ ಪಾರಿವಾಳ, ಎಲ್ಲರಿಗೂ ಕಳುಹಿಸಿ’ ಎಂಬ ಒಕ್ಕಣೆ. ನೋಡಿದವರು ಎರಡನೇ ಸಲ ಯೋಚಿಸದೆ ಮುಂದಕ್ಕೆ ತಳ್ಳುತ್ತಾರೆ.

2023ರ ಮೇ ತಿಂಗಳಲ್ಲಿ ಮುಂಬೈ ಬಂದರಿನ ಹತ್ತಿರ ಹೀಗೇ ಒಂದು ಪಾರಿವಾಳ ಸಿಕ್ಕಿತು. ಕಾಲಲ್ಲಿ ಉಂಗುರಗಳು, ಚೀನೀ ಲಿಪಿಯಂತೆ ಕಾಣುವ ಬರಹ. ಬೇಹುಗಾರಿಕೆಯ ಶಂಕೆಯಿಂದ ಪೊಲೀಸರು ಅದನ್ನು ವಶಕ್ಕೆ ತೆಗೆದುಕೊಂಡರು. ಹಕ್ಕಿ ಪ್ರಾಣಿಗಳ ಆಸ್ಪತ್ರೆಯ ಪಂಜರ ಸೇರಿತು. ವಿಚಾರಣೆ ಮುಗಿದಾಗ ತಿಳಿದದ್ದು ಇಷ್ಟು: ಅದು ತೈವಾನಿನ ರೇಸ್ ಪಾರಿವಾಳ, ತಪ್ಪಿಸಿಕೊಂಡು ಹೇಗೋ ಭಾರತ ತಲುಪಿತ್ತು. 2024ರ ಜನವರಿ 30ರಂದು ಅದನ್ನು ಹಾರಿಬಿಟ್ಟರು. ಮಾಡದ ತಪ್ಪಿಗೆ ಎಂಟು ತಿಂಗಳ ಬಂಧನ!

ಹಾಗಾದರೆ ಈ ರೇಸ್ ಪಾರಿವಾಳಗಳು ಎಂದರೆ ಯಾವುವು? ಸೀಸನ್ನಿನಲ್ಲಿ ಅವುಗಳಿಗೆ ಏನು ತರಬೇತಿ ಕೊಡುತ್ತಾರೆ? ನೂರಾರು ಕಿಲೋಮೀಟರ್ ದೂರದಿಂದ ಅವು ಮನೆಗೆ ಬರುವುದು ಹೇಗೆ? ದಾರಿ ತಪ್ಪಿ ನಿಮ್ಮ ತಾರಸಿಗೆ ಬಂದರೆ ನೀವು ಏನು ಮಾಡಬೇಕು? ಒಂದೊಂದಾಗಿ ನೋಡೋಣ.

ಚುಟುಕಾಗಿ ಹೇಳುವುದಾದರೆ

- ಕಾಲುಂಗುರ ಎಂದರೆ ಹಕ್ಕಿಯ ಗುರುತಿನ ಚೀಟಿ. ಅದರಲ್ಲಿ ಕ್ಯಾಮೆರಾ ಇರುವುದಿಲ್ಲ.
- ರೇಸ್ ಪಾರಿವಾಳ ಹೇಳಿದ ಕಡೆಗೆಲ್ಲ ಹೋಗುವುದಿಲ್ಲ. ಅದಕ್ಕೆ ಗೊತ್ತಿರುವುದು ತನ್ನ ಗೂಡಿಗೆ ಮರಳುವುದೊಂದೇ.
- ತರಬೇತಿ ಎಂದರೆ ಮಂತ್ರವೂ ಅಲ್ಲ, ಮಾತ್ರೆಯೂ ಅಲ್ಲ. ದಿನದ ಹಾರಾಟ, ಅಳೆದ ಕಾಳು, ನಿಧಾನವಾಗಿ ಹೆಚ್ಚಿಸುವ ದೂರ ಮತ್ತು ವಿಶ್ರಾಂತಿ.
- ದಣಿದ ರೇಸ್ ಪಾರಿವಾಳ ಸಿಕ್ಕರೆ ನೀರು, ಹಸಿ ಕಾಳು ಮತ್ತು ಒಂದು ರಾತ್ರಿಯ ಆಶ್ರಯ ಕೊಡಿ. ಬಹುಪಾಲು ಹಕ್ಕಿಗಳಿಗೆ ಅಷ್ಟೇ ಸಾಕು.

ರೇಸ್ ನಡೆಯುವುದು ಹೇಗೆ?

ಇಂದಿನ ರೇಸ್ ಪಾರಿವಾಳದ ತಳಿ ರೂಪುಗೊಂಡದ್ದು 19ನೇ ಶತಮಾನದ ಬೆಲ್ಜಿಯಂನಲ್ಲಿ. ಅಲ್ಲಿಂದ ಬ್ರಿಟನ್, ನೆದರ್ಲೆಂಡ್ಸ್, ಚೀನಾ, ತೈವಾನ್‌ಗಳಿಗೆ ಹರಡಿತು. ಭಾರತದಲ್ಲಿ ಬೆಂಗಳೂರು ಮತ್ತು ಚೆನ್ನೈ ಇದರ ಮುಖ್ಯ ಕೇಂದ್ರಗಳು. ಇಲ್ಲಿನವರು ಇವುಗಳನ್ನು ‘ಹೋಮರ್’ ಎಂದೇ ಕರೆಯುತ್ತಾರೆ.

ಇಲ್ಲೊಂದು ಗೊಂದಲ ಬಗೆಹರಿಸಿಕೊಳ್ಳಬೇಕು. ನಮ್ಮ ಹಲವು ಊರುಗಳಲ್ಲಿ ಬೆಳಗ್ಗೆ ಹಾರಿಸಿದ ಪಾರಿವಾಳ ಎಷ್ಟು ಗಂಟೆ ಆಕಾಶದಲ್ಲೇ ಉಳಿಯುತ್ತದೆ ಎಂದು ಪಂದ್ಯ ಕಟ್ಟುತ್ತಾರೆ. ಆ ಹಕ್ಕಿಗಳು ಮನೆಯ ಮೇಲೆಯೇ ಸುತ್ತುತ್ತವೆ. ಅದು ಬೇರೆ ತಳಿ, ಬೇರೆ ಆಟ. ಹೋಮರ್ ರೇಸ್‌ನಲ್ಲಿ ಹಕ್ಕಿಗಳನ್ನು ಬುಟ್ಟಿಯಲ್ಲಿ ತುಂಬಿ ದೂರದ ಊರಿಗೆ ಒಯ್ದು ಒಟ್ಟಿಗೆ ಬಿಡುತ್ತಾರೆ. ಪ್ರತಿಯೊಂದೂ ತನ್ನ ಮನೆಗೆ ಬರಬೇಕು.

ಎಲ್ಲರ ಮನೆಯೂ ಒಂದೇ ದೂರದಲ್ಲಿರುವುದಿಲ್ಲ. ಹಾಗಾಗಿ ಮೊದಲು ಬಂದದ್ದೇ ಗೆದ್ದಿತು ಎನ್ನುವಂತಿಲ್ಲ. ಬಿಟ್ಟ ಜಾಗದಿಂದ ಗೂಡಿಗೆ ಇರುವ ನೇರ ದೂರವನ್ನು, ಹಾರಲು ಹಿಡಿದ ನಿಮಿಷಗಳಿಂದ ಭಾಗಿಸುತ್ತಾರೆ. ಬಂದ ಉತ್ತರ ನಿಮಿಷಕ್ಕೆ ಇಷ್ಟು ಮೀಟರ್ ಎಂಬ ವೇಗ. ಹೆಚ್ಚು ವೇಗದ ಹಕ್ಕಿಗೆ ಬಹುಮಾನ.

ಒಂದು ಲೆಕ್ಕ ನೋಡಿ. ಒಬ್ಬರ ಗೂಡು 300 ಕಿ.ಮೀ. ದೂರದಲ್ಲಿದೆ, ಅವರ ಹಕ್ಕಿ ಸರಿಯಾಗಿ 4 ಗಂಟೆಯಲ್ಲಿ ಬಂತು. ವೇಗ ನಿಮಿಷಕ್ಕೆ 1250 ಮೀಟರ್. ಇನ್ನೊಬ್ಬರ ಗೂಡು 312 ಕಿ.ಮೀ. ದೂರದಲ್ಲಿದೆ, ಹಕ್ಕಿ ಬಂದದ್ದು 4 ಗಂಟೆ 8 ನಿಮಿಷಕ್ಕೆ. ವೇಗ ಸುಮಾರು 1258 ಮೀಟರ್. ಎಂಟು ನಿಮಿಷ ತಡವಾಗಿ ಬಂದರೂ ಗೆದ್ದದ್ದು ಎರಡನೆಯದು. ಆದರೆ ಅದೇ ಹಕ್ಕಿ ಮನೆಗೆ ಬಂದು, ಒಳಗೆ ಹೋಗದೆ ಎರಡು ನಿಮಿಷ ತಾರಸಿಯ ಅಂಚಿನಲ್ಲಿ ಕುಳಿತುಬಿಟ್ಟರೆ? ವೇಗ 1248ಕ್ಕೆ ಇಳಿಯುತ್ತದೆ. ಗೆದ್ದ ಪಂದ್ಯ ಕೈತಪ್ಪುತ್ತದೆ.

ಏಕೆಂದರೆ ಗಡಿಯಾರ ನಿಲ್ಲುವುದು ಹಕ್ಕಿ ಗೂಡಿನೊಳಗೆ ಕಾಲಿಟ್ಟಾಗ ಮಾತ್ರ. ಹಿಂದೆ ಕಾಲಿಗೆ ಹಾಕಿದ ರಬ್ಬರ್ ಉಂಗುರವನ್ನು ಬಿಚ್ಚಿ ಗಡಿಯಾರದ ಪೆಟ್ಟಿಗೆಗೆ ಹಾಕಬೇಕಿತ್ತು. ಈಗ ಚಿಪ್ ಇರುವ ಉಂಗುರವನ್ನು ಬಾಗಿಲ ಬಳಿಯ ಯಂತ್ರ ತಾನೇ ಓದಿಕೊಳ್ಳುತ್ತದೆ. ಈ ಚಿಪ್‌ಗೆ ಬ್ಯಾಟರಿ ಇಲ್ಲ. ಯಂತ್ರದ ತೀರಾ ಹತ್ತಿರಕ್ಕೆ ಬಂದಾಗ ತನ್ನ ಸಂಖ್ಯೆ ಹೇಳುತ್ತದೆ, ಅಷ್ಟೆ. ನಮ್ಮ ಮೆಟ್ರೊ ಕಾರ್ಡ್ ಕೆಲಸ ಮಾಡುವುದೂ ಹೀಗೆಯೇ. ತರಬೇತಿಯ ಹೊತ್ತಿನಲ್ಲಿ ಹಕ್ಕಿ ಹಾರಿದ ದಾರಿ ತಿಳಿಯಲು ಕೆಲವರು ಪುಟ್ಟ ಜಿಪಿಎಸ್ ಉಂಗುರ ಹಾಕುವುದೂ ಉಂಟು. ಅದರ ಕೆಲಸವೂ ದಾರಿಯನ್ನು ದಾಖಲಿಸುವುದಷ್ಟೇ.

ತರಬೇತಿ ಶುರುವಾಗುವುದು ಮನೆಯಲ್ಲೇ

ಮರಿಗೆ ಸುಮಾರು ಒಂದು ವಾರವಾದಾಗ ಕಾಲಿಗೆ ಉಂಗುರ ತೊಡಿಸುತ್ತಾರೆ. ಆಗ ಪಾದ ಚಿಕ್ಕದಾಗಿರುವುದರಿಂದ ಉಂಗುರ ಸಲೀಸಾಗಿ ಏರುತ್ತದೆ. ಕೆಲವೇ ದಿನಗಳಲ್ಲಿ ಪಾದ ಬೆಳೆದು ಅದು ಹೊರಬರದಂತಾಗುತ್ತದೆ. ಅದರ ಮೇಲೆ ಸಂಘದ ಅಥವಾ ದೇಶದ ಅಕ್ಷರಗಳು, ಹುಟ್ಟಿದ ವರ್ಷ, ಕ್ರಮಸಂಖ್ಯೆ ಇರುತ್ತವೆ. ಫಾರ್ವರ್ಡ್‌ಗಳಲ್ಲಿ ‘ರಹಸ್ಯ ಸಂಕೇತ’ ಎಂದು ಕೆಂಪು ವೃತ್ತ ಹಾಕಿ ತೋರಿಸುವುದು ಇದನ್ನೇ!

ನಾಲ್ಕು ವಾರದ ಹೊತ್ತಿಗೆ ಮರಿ ತಾಯಿತಂದೆಯಿಂದ ಬೇರೆಯಾಗುತ್ತದೆ. ಅದನ್ನು ಗೂಡಿನ ಮುಂದಿನ ಜಾಲರಿಯೊಳಗೆ ಬಿಟ್ಟು ಸುತ್ತಲಿನ ಮನೆ, ಮರ, ಆಕಾಶ ನೋಡಲು ಅವಕಾಶ ಕೊಡುತ್ತಾರೆ. ಕಾಳಿನ ಡಬ್ಬಿ ಅಲ್ಲಾಡಿಸಿದರೆ ಅಥವಾ ಸಿಳ್ಳೆ ಹಾಕಿದರೆ ಊಟ ಎಂದು ಕಲಿಸುತ್ತಾರೆ. ಮುಂದೆ ರೇಸ್ ದಿನ ತಾರಸಿಯ ಅಂಚಿನಲ್ಲಿ ಎರಡು ನಿಮಿಷ ಕಳೆಯದಂತೆ ಮಾಡುವುದು ಈ ಸಿಳ್ಳೆಯೇ. ಆದ್ದರಿಂದ ಮೊದಲ ಹಾರಾಟಗಳನ್ನು ಯಾವಾಗಲೂ ಊಟಕ್ಕೆ ಮುಂಚೆ ಮಾಡಿಸುತ್ತಾರೆ. ಹೊಟ್ಟೆ ತುಂಬಿದ ಹಕ್ಕಿಗೆ ಒಳಗೆ ಬರುವ ಅವಸರವಿರುವುದಿಲ್ಲ.

ಕೆಲವು ವಾರ ಮನೆಯ ಸುತ್ತ ಹಾರಿದ ಮೇಲೆ ಮರಿಗಳ ಗುಂಪು ಒಂದು ದಿನ ಕಣ್ಣಿಗೆ ಕಾಣದಷ್ಟು ದೂರ ಹೋಗುತ್ತದೆ. ಅರ್ಧ ಗಂಟೆಯೋ ಒಂದು ಗಂಟೆಯೋ ಬಿಟ್ಟು ಮರಳುತ್ತದೆ. ಹೊಸಬರಿಗೆ ಎದೆ ಧಸಕ್ಕೆನ್ನುತ್ತದೆ. ಅನುಭವಿಗಳಿಗೆ ಮಾತ್ರ ಇದು ಒಳ್ಳೆಯ ಸೂಚನೆ. ಮರಿಗಳು ತಾವಾಗಿ ಪ್ರದೇಶ ಪರಿಚಯ ಮಾಡಿಕೊಳ್ಳುತ್ತಿವೆ, ಇನ್ನು ಬುಟ್ಟಿಗೆ ಹಾಕಬಹುದು ಎಂದು ಅರ್ಥ.

ಬುಟ್ಟಿಯ ಪಾಠ

ಮೊದಲ ಪ್ರಯಾಣಕ್ಕೆ ಮುಂಚೆ ಹಕ್ಕಿಗಳನ್ನು ಒಂದೆರಡು ರಾತ್ರಿ ಬುಟ್ಟಿಯಲ್ಲೇ ಇಟ್ಟು, ಬುಟ್ಟಿಯ ಹೊರಗೆ ಸಿಕ್ಕಿಸಿದ ಪಾತ್ರೆಯಿಂದ ನೀರು ಕುಡಿಯುವುದನ್ನು ರೂಢಿಸುತ್ತಾರೆ. ಇದು ಸಣ್ಣ ವಿಷಯದಂತೆ ಕಾಣುತ್ತದೆ. ಆದರೆ ಲಾರಿಯಲ್ಲಿ ಗಾಬರಿಗೊಂಡು ನೀರು ಮುಟ್ಟದ ಹಕ್ಕಿ ರೇಸ್‌ಗೆ ಮುಂಚೆಯೇ ಸೋತಿರುತ್ತದೆ.

ಆಮೇಲೆ ‘ಟಾಸ್’ ಶುರು. ಮೊದಲು 5 ಕಿ.ಮೀ., ನಂತರ 10, 20, 40, ಕೊನೆಗೆ 60 ಅಥವಾ 80. ಸಾಮಾನ್ಯವಾಗಿ ರೇಸ್ ಬರುವ ದಿಕ್ಕಿನಿಂದಲೇ ಬಿಡುತ್ತಾರೆ. ಬೆಂಗಳೂರಿನ ಹಕ್ಕಿಗಳಿಗೆ ದೊಡ್ಡ ರೇಸ್‌ಗಳು ಉತ್ತರದಿಂದ, ಅಂದರೆ ಆಂಧ್ರ, ತೆಲಂಗಾಣ ಮತ್ತು ಅದರಾಚೆಯ ಊರುಗಳಿಂದ ಇರುವುದರಿಂದ ಟಾಸ್ ಕೂಡ ಆ ದಾರಿಯಲ್ಲೇ ಸಾಗುತ್ತದೆ. ಒಂದು ದೂರದಿಂದ ತಡವಾಗಿ ಬಂದರೆ ಮುಂದಿನ ದೂರಕ್ಕೆ ಹೋಗುವಂತಿಲ್ಲ, ಅದೇ ಜಾಗದಿಂದ ಮತ್ತೊಮ್ಮೆ ಬಿಡಬೇಕು. ಮಂಜು, ಮಳೆ, ದಟ್ಟ ಮೋಡವಿದ್ದರೆ ಆ ದಿನ ಟಾಸ್ ಇಲ್ಲ.

ಮೊದಲು ಗುಂಪಾಗಿ, ಆಮೇಲೆ ಎರಡು ಮೂರರಂತೆ, ಕೊನೆಗೆ ಒಂದೊಂದಾಗಿ ಬಿಡುವವರೂ ಇದ್ದಾರೆ. ಇದಕ್ಕೆ ಕಾರಣವಿದೆ. ಗುಂಪಿನಲ್ಲಿ ಹಾರುವ ಮರಿ ಮುಂದಿನವರ ಬಾಲ ಹಿಡಿದು ಬರುತ್ತದೆ. ರೇಸ್‌ನಲ್ಲಿ ಸಾವಿರಾರು ಹಕ್ಕಿಗಳ ಗುಂಪು ಬೇರೆ ಊರಿನತ್ತ ಹೊರಟಾಗ, ಅದನ್ನು ಬಿಟ್ಟು ತನ್ನ ಮನೆಯತ್ತ ತಿರುಗುವ ಧೈರ್ಯ ಒಂಟಿಯಾಗಿ ಹಾರಿ ಅಭ್ಯಾಸವಿದ್ದರೆ ಸುಲಭವಾಗುತ್ತದೆ.

ರೇಸ್ ವಾರದ ದಿನಚರಿ

ಯುರೋಪಿನಲ್ಲಿ ಸೀಸನ್ ವಸಂತದಿಂದ ಬೇಸಿಗೆಯ ಕೊನೆಯವರೆಗೆ. ಬೆಂಗಳೂರಿನಲ್ಲಿ ಮಳೆಗಾಲ ಕಳೆದ ಮೇಲೆ, ಚಳಿಗಾಲದಿಂದ ಬೇಸಿಗೆಯ ಆರಂಭದವರೆಗೆ. ಶನಿವಾರ ರೇಸ್ ಇದೆ ಎಂದುಕೊಂಡರೆ ಒಂದು ವಾರ ಹೆಚ್ಚುಕಡಿಮೆ ಹೀಗಿರುತ್ತದೆ.

ಶನಿವಾರ, ಮರಳಿದ ಮೇಲೆ: ಮೊದಲು ನೀರು. ಹಲವರು ಅದರಲ್ಲಿ ಗ್ಲೂಕೋಸ್ ಅಥವಾ ಲವಣಾಂಶ ಬೆರೆಸುತ್ತಾರೆ. ನಂತರ ಸುಲಭವಾಗಿ ಜೀರ್ಣವಾಗುವ ಸ್ವಲ್ಪ ಕಾಳು. ಗದ್ದಲವಿಲ್ಲದ ಗೂಡು. ಗಾಯವಾಗಿದೆಯೇ, ಎದೆಯ ಸ್ನಾಯು ಇಳಿದಿದೆಯೇ ಎಂದು ಕೈಯಲ್ಲಿ ಹಿಡಿದು ನೋಡುತ್ತಾರೆ.

ಭಾನುವಾರ: ಪೂರ್ತಿ ರಜೆ. ಸ್ನಾನಕ್ಕೆ ಅಗಲವಾದ ತಟ್ಟೆಯಲ್ಲಿ ನೀರು. ಬಾರ್ಲಿ, ಗೋಧಿಯಂಥ ಹಗುರ ಆಹಾರ.

ಸೋಮವಾರ, ಮಂಗಳವಾರ: ಬೆಳಗ್ಗೆ ಮತ್ತು ಸಂಜೆ ಮನೆಯ ಸುತ್ತ ಅರ್ಧ ಗಂಟೆಯ ಹಾರಾಟ. ಸ್ನಾಯು ರಿಪೇರಿಗೆ ಬಟಾಣಿ, ಹೆಸರುಕಾಳಿನಂಥ ಪ್ರೋಟೀನ್ ಇರುವ ಕಾಳು.

ಬುಧವಾರ, ಗುರುವಾರ: ಹಾರಾಟ 45 ನಿಮಿಷದಿಂದ ಒಂದು ಗಂಟೆ. ಕೆಲವರು ಬುಧವಾರ 30-40 ಕಿ.ಮೀ. ಟಾಸ್ ಕೊಡುತ್ತಾರೆ. ಆಹಾರದಲ್ಲಿ ಮೆಕ್ಕೆಜೋಳ ಹೆಚ್ಚುತ್ತದೆ. ದೂರದ ರೇಸ್ ಇದ್ದರೆ ಸೂರ್ಯಕಾಂತಿ, ಕುಸುಬೆ, ಕಡಲೆಕಾಯಿ ಬೀಜದಂಥ ಎಣ್ಣೆಕಾಳು ಸೇರುತ್ತವೆ.

ಶುಕ್ರವಾರ: ಹಾರಾಟ ಇಲ್ಲವೇ ಇಲ್ಲ ಅಥವಾ ತುಸು ಮಾತ್ರ. ಬುಟ್ಟಿಗೆ ಹಾಕುವ ಕೆಲವು ಗಂಟೆ ಮುಂಚೆ ಮಿತವಾದ ಊಟ. ಸಂಜೆ ಕ್ಲಬ್ಬಿನಲ್ಲಿ ಉಂಗುರದ ಸಂಖ್ಯೆ ನೋಂದಾಯಿಸಿ ಲಾರಿಗೆ ಏರಿಸುತ್ತಾರೆ.

ಶನಿವಾರ ಬೆಳಗ್ಗೆ: ಬಿಡುವ ಜಾಗದಲ್ಲೂ ದಾರಿಯುದ್ದಕ್ಕೂ ಹವಾಮಾನ ನೋಡಿ, ಸರಿಯಿದ್ದರೆ ಬುಟ್ಟಿಗಳ ಬಾಗಿಲು ಒಟ್ಟಿಗೆ ತೆರೆಯುತ್ತಾರೆ.

ಎಣ್ಣೆಕಾಳು ಏಕೆ? ಹೆಚ್ಚು ಹೊತ್ತು ಹಾರುವ ಪಾರಿವಾಳದ ಮುಖ್ಯ ಇಂಧನ ಕೊಬ್ಬು. ಒಂದು ಗ್ರಾಂ ಕೊಬ್ಬು ಒಂದು ಗ್ರಾಂ ಪಿಷ್ಟಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಕೊಡುತ್ತದೆ. ಅರ್ಧ ಕಿಲೋಗೂ ಕಡಿಮೆ ತೂಗುವ ಹಕ್ಕಿಗೆ ಹಗುರವಾದ ಇಂಧನವೇ ಬೇಕು. ಹಾಗೆಂದು ಕಾಳನ್ನು ಸುರಿಯುವಂತಿಲ್ಲ. ದಿನಕ್ಕೆ ಒಂದು ಹಕ್ಕಿಗೆ ಸುಮಾರು 30 ಗ್ರಾಂ ಕಾಳು ಸಾಕು. ಉಳಿದದ್ದು ದಾರಿಯಲ್ಲಿ ಭಾರವಾಗುತ್ತದೆ.

ಇಲ್ಲೇ ಗಮನಿಸಿ, ವಾರದ ಏಳು ದಿನಗಳಲ್ಲಿ ಗಟ್ಟಿ ಕಸರತ್ತು ಇರುವುದು ಎರಡು ದಿನ ಮಾತ್ರ. ಹೊಸಬರು ಸೋಲುವುದು ಹೆಚ್ಚಾಗಿ ಇಲ್ಲಿಯೇ. ಕಳೆದ ವಾರ ಹಕ್ಕಿ ತಡವಾಗಿ ಬಂತೆಂದು ಈ ವಾರ ದಿನಾ ಟಾಸ್ ಕೊಟ್ಟು, ದಣಿದ ಹಕ್ಕಿಯನ್ನೇ ಮತ್ತೆ ರೇಸ್‌ಗೆ ಕಳುಹಿಸುತ್ತಾರೆ. ಅದು ಮರಳುವುದಿಲ್ಲ.

ಜೋಡಿಯ ಸೆಳೆತ

ಪಾರಿವಾಳಗಳು ಜೋಡಿಯಾಗಿ ಬಾಳುತ್ತವೆ. ಗಂಡು ಹೆಣ್ಣು ಎರಡೂ ಸರದಿಯಲ್ಲಿ ಕಾವು ಕೊಡುತ್ತವೆ, ಎರಡೂ ಗಂಟಲ ಚೀಲದಲ್ಲಿ ಊರುವ ಹಾಲಿನಂಥ ದ್ರವವನ್ನು ಮರಿಗೆ ಉಣಿಸುತ್ತವೆ. ಸಾಕುವವರು ಈ ಸ್ವಭಾವವನ್ನೇ ಬಳಸಿಕೊಳ್ಳುತ್ತಾರೆ.

ಬೆಲ್ಜಿಯಂನಲ್ಲಿ ಹೆಸರಾದ ಪದ್ಧತಿಯಲ್ಲಿ ವಾರವಿಡೀ ಗಂಡುಹಕ್ಕಿಯನ್ನು ಜೋಡಿಯಿಂದ ಬೇರೆ ಇಡುತ್ತಾರೆ. ಬುಟ್ಟಿಗೆ ಹಾಕುವ ಮುಂಚೆ ಕೆಲವು ನಿಮಿಷ ಹೆಣ್ಣನ್ನು ತೋರಿಸುತ್ತಾರೆ. ರೇಸ್ ಮುಗಿಸಿ ಬಂದಾಗ ಅದು ಗೂಡಿನಲ್ಲಿ ಕಾದಿರುತ್ತದೆ. ಇನ್ನು ಕೆಲವರು ಜೋಡಿಯನ್ನು ಬೇರ್ಪಡಿಸದೆ, ಕಾವಿಗೆ ಕುಳಿತಿರುವ ಅಥವಾ ಪುಟ್ಟ ಮರಿಯಿರುವ ಹಕ್ಕಿಯನ್ನು ಕಳುಹಿಸುತ್ತಾರೆ. ಯಾವ ಪದ್ಧತಿಯಾದರೂ ಸೂತ್ರ ಒಂದೇ: ಮನೆಯಲ್ಲಿ ಏನೋ ಇದೆ ಎಂದಾದರೆ ಹಕ್ಕಿ ದಾರಿಯಲ್ಲಿ ಕಾಲಹರಣ ಮಾಡುವುದಿಲ್ಲ.

ದಾರಿ ಗೊತ್ತಾಗುವುದು ಹೇಗೆ?

‘ಪಾರಿವಾಳದ ಕೊಕ್ಕಿನಲ್ಲಿ ಕಬ್ಬಿಣವಿದೆ, ಅದೇ ದಿಕ್ಸೂಚಿ’ ಎಂಬ ಮಾತನ್ನು ನೀವು ಕೇಳಿರಬಹುದು. ಒಂದು ಕಾಲಕ್ಕೆ ವಿಜ್ಞಾನಿಗಳೂ ಹಾಗೆಂದುಕೊಂಡಿದ್ದರು. 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ಕೊಕ್ಕಿನ ಆ ಕಬ್ಬಿಣದ ಕೋಶಗಳು ನರಕೋಶಗಳಲ್ಲ, ರೋಗನಿರೋಧಕ ವ್ಯವಸ್ಥೆಯ ಕೋಶಗಳು ಎಂದು ತೋರಿಸಿತು. ಅಂದರೆ ಆ ವಿವರಣೆ ಈಗ ನಿಲ್ಲುವುದಿಲ್ಲ.

ಆದರೆ ಪಾರಿವಾಳಕ್ಕೆ ಭೂಮಿಯ ಕಾಂತಕ್ಷೇತ್ರ ತಿಳಿಯುತ್ತದೆ ಎಂಬುದಕ್ಕೆ ಬೇರೆ ಪುರಾವೆಗಳಿವೆ. 1971ರಲ್ಲಿ ಅಮೆರಿಕದ ವಿಲಿಯಂ ಕೀಟನ್ ಕೆಲವು ಹಕ್ಕಿಗಳ ಬೆನ್ನಿಗೆ ಪುಟ್ಟ ಅಯಸ್ಕಾಂತ, ಇನ್ನು ಕೆಲವಕ್ಕೆ ಅದೇ ಗಾತ್ರದ ಹಿತ್ತಾಳೆ ಕಟ್ಟಿ ಬಿಟ್ಟ ಪ್ರಯೋಗವನ್ನು ಪ್ರಕಟಿಸಿದರು. ಮೋಡ ಕವಿದ ದಿನ ಅಯಸ್ಕಾಂತ ಹೊತ್ತವು ದಿಕ್ಕು ತಪ್ಪಿದವು, ಹಿತ್ತಾಳೆ ಹೊತ್ತವು ಸರಿಯಾಗಿ ಹೊರಟವು. ಬಿಸಿಲಿದ್ದಾಗ ಅನುಭವಿ ಹಕ್ಕಿಗಳು ಅಯಸ್ಕಾಂತವಿದ್ದರೂ ಸರಿಯಾದ ದಿಕ್ಕು ಹಿಡಿದವು. ಏಕೆಂದರೆ ಸೂರ್ಯ ಕಾಣುತ್ತಿದ್ದರೆ ಅದೇ ಅವುಗಳ ದಿಕ್ಸೂಚಿ.

ಗಾಳಿಯಲ್ಲಿ ಬರುವ ವಾಸನೆಯೂ ನೆರವಾಗುತ್ತದೆ ಎಂದು ಇಟಲಿಯ ವಿಜ್ಞಾನಿಗಳು 1970ರ ದಶಕದಲ್ಲಿ ತೋರಿಸಿದರು. ಪರಿಚಿತ ಪ್ರದೇಶಕ್ಕೆ ಬಂದ ಮೇಲೆ ಹಕ್ಕಿಗಳು ಹೆದ್ದಾರಿಗಳ ಮೇಲೆಯೇ ಹಾರಿ, ಜಂಕ್ಷನ್‌ಗಳಲ್ಲಿ ತಿರುಗುವುದನ್ನು ಆಕ್ಸ್‌ಫರ್ಡ್‌ನ ಸಂಶೋಧಕರು ಕಂಡುಕೊಂಡರು. ಒಂದೇ ಅದ್ಭುತ ಶಕ್ತಿಯಲ್ಲ, ಹಲವು ಗುರುತುಗಳ ಜೋಡಣೆ. ಟಾಸ್‌ಗಳಲ್ಲಿ ಹಕ್ಕಿ ಕಲಿಯುವುದು ಈ ಜೋಡಣೆಯನ್ನೇ.

ಫಾರ್ವರ್ಡ್‌ಗಳಲ್ಲಿ ಕೇಳಿಬರುವ ಮಾತುಗಳು

‘ಪಾರಿವಾಳ ಯಾವ ವಿಳಾಸಕ್ಕಾದರೂ ಚೀಟಿ ಒಯ್ಯುತ್ತದೆ.’ ತಪ್ಪು. ಅದು ತನ್ನ ಗೂಡಿಗೆ ಮಾತ್ರ ಮರಳುತ್ತದೆ. 1946ರಲ್ಲಿ ಶುರುವಾಗಿ ದಶಕಗಳ ಕಾಲ ನಡೆದ ಒಡಿಶಾ ಪೊಲೀಸರ ಪಾರಿವಾಳ ಸೇವೆಯಲ್ಲೂ ಮುಖ್ಯ ವಿಧಾನ ಅದೇ: ಹಕ್ಕಿಯನ್ನು ಮೊದಲು ದೂರಕ್ಕೆ ಒಯ್ಯಬೇಕು, ಅದು ಸಂದೇಶ ಹೊತ್ತು ತನ್ನ ಠಾಣೆಗೆ ಮರಳಬೇಕು. ಇದೇ ಸ್ವಭಾವದ ಮೇಲೆ ಚೀನಾದಲ್ಲಿ ಇಬ್ಬರು ಮೋಸವನ್ನೂ ಹೆಣೆದಿದ್ದರು. 2017ರಲ್ಲಿ ಶಾಂಗ್‌ಚ್ಯೂನಿಂದ ಶಾಂಘೈಗೆ ನಡೆದ ರೇಸ್‌ಗೆ ಅವರು ಹಕ್ಕಿಗಳಿಗೆ ಎರಡೂ ಊರಲ್ಲಿ ಗೂಡು ಅಭ್ಯಾಸ ಮಾಡಿಸಿದ್ದರು. ಶಾಂಗ್‌ಚ್ಯೂನಲ್ಲಿ ಬಿಟ್ಟ ಹಕ್ಕಿಗಳು ಅಲ್ಲಿಯ ಗೂಡಿಗೇ ಹೋದವು. ಇವರು ಅವನ್ನು ಹಾಲಿನ ಪೊಟ್ಟಣದಲ್ಲಿ ಅಡಗಿಸಿ ಬುಲೆಟ್ ಟ್ರೈನಿನಲ್ಲಿ ಶಾಂಘೈಗೆ ತಂದರು. ನಂಬಲಾಗದ ವೇಗವೇ ಅವರನ್ನು ಹಿಡಿದುಕೊಟ್ಟಿತು. 2018ರಲ್ಲಿ ನ್ಯಾಯಾಲಯ ಶಿಕ್ಷೆ ವಿಧಿಸಿತು.

‘ಉಪವಾಸ ಕೆಡವಿದರೆ ಜೋರಾಗಿ ಹಾರುತ್ತದೆ.’ ಅರ್ಧಸತ್ಯ. ಸಣ್ಣ ಟಾಸ್‌ಗೆ ಮುಂಚೆ ಊಟ ತಡಮಾಡಿದರೆ ಹಕ್ಕಿ ಬೇಗ ಒಳಗೆ ಬರುತ್ತದೆ, ನಿಜ. ಆದರೆ ದಿನಗಟ್ಟಲೆ ಉಪವಾಸವಿಟ್ಟರೆ ದಾರಿಗೆ ಬೇಕಾದ ಕೊಬ್ಬೇ ಇರುವುದಿಲ್ಲ. ಸ್ನಾಯು ಕರಗುತ್ತದೆ, ಹಕ್ಕಿ ನಡುದಾರಿಯಲ್ಲಿ ಇಳಿಯುತ್ತದೆ.

‘ರೇಸ್‌ಗೆ ಮುಂಚೆ ಆಂಟಿಬಯೋಟಿಕ್ ಕೊಟ್ಟರೆ ಶಕ್ತಿ ಬರುತ್ತದೆ.’ ತಪ್ಪು. ಆಂಟಿಬಯೋಟಿಕ್ ಶಕ್ತಿಯ ಮದ್ದಲ್ಲ. ರೋಗವಿಲ್ಲದೆ ಕೊಟ್ಟರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ, ನಿಜವಾಗಿ ಬೇಕಾದಾಗ ಮದ್ದು ಕೆಲಸ ಮಾಡದಂತಾಗುತ್ತದೆ. ಗಂಟಲಲ್ಲಿ ಹಳದಿ ಗಡ್ಡೆ, ಕುತ್ತಿಗೆ ತಿರುಚಿಕೊಳ್ಳುವುದು, ನೀರಿನಂಥ ಹಿಕ್ಕೆ ಕಂಡರೆ ಪಶುವೈದ್ಯರಿಗೆ ತೋರಿಸಿ. ಕುತ್ತಿಗೆ ತಿರುಚಿಸುವ ಪ್ಯಾರಾಮಿಕ್ಸೊ ವೈರಸ್ ರೋಗಕ್ಕೆ ಲಸಿಕೆ ಇದೆ, ಅದನ್ನು ಸೀಸನ್ನಿಗೆ ಸಾಕಷ್ಟು ಮುಂಚೆಯೇ ಹಾಕಿಸಬೇಕು. ಇನ್ನು ಉದ್ದೀಪನ ಮದ್ದಿನ ವಿಚಾರ ಸುಳ್ಳಲ್ಲ. 2013ರಲ್ಲಿ ಬೆಲ್ಜಿಯಂನ ಹಕ್ಕಿಗಳ ಮಾದರಿಗಳನ್ನು ದಕ್ಷಿಣ ಆಫ್ರಿಕಾದ ಪ್ರಯೋಗಾಲಯಕ್ಕೆ ಕಳುಹಿಸಿದಾಗ ಆರರಲ್ಲಿ ಮದ್ದಿನ ಅಂಶ ಸಿಕ್ಕಿತ್ತು, ಒಂದರಲ್ಲಿ ಕೊಕೇನ್!

‘ಪಾರಿವಾಳ ಗಂಟೆಗೆ 150 ಕಿ.ಮೀ. ವೇಗದಲ್ಲಿ ಹಾರುತ್ತದೆ.’ ಉತ್ಪ್ರೇಕ್ಷೆ. ಗಾಳಿ ಶಾಂತವಾಗಿದ್ದರೆ ರೇಸ್ ಪಾರಿವಾಳದ ಸರಾಸರಿ ವೇಗ ಗಂಟೆಗೆ 60ರಿಂದ 80 ಕಿ.ಮೀ. ಹಿಂದಿನಿಂದ ಬಲವಾದ ಗಾಳಿ ಬೀಸಿದರೆ 100 ದಾಟಬಹುದು. ಎದುರುಗಾಳಿಯಿದ್ದರೆ 50ಕ್ಕೂ ಇಳಿಯಬಹುದು.

‘ಒಂದು ಪಾರಿವಾಳಕ್ಕೆ 14 ಕೋಟಿ ರೂಪಾಯಿ.’ ನಿಜ! 2020ರ ನವೆಂಬರ್‌ನಲ್ಲಿ ‘ನ್ಯೂ ಕಿಮ್’ ಎಂಬ ಬೆಲ್ಜಿಯಂನ ಹೆಣ್ಣು ಪಾರಿವಾಳ 16 ಲಕ್ಷ ಯೂರೋಗೆ ಹರಾಜಾಯಿತು. ಅಷ್ಟು ಬೆಲೆ ಅದನ್ನು ರೇಸ್‌ಗೆ ಬಿಡಲು ಅಲ್ಲ, ಮರಿ ಮಾಡಿಸಲು. ಇದನ್ನು ನೋಡಿ ಸಾಲ ಮಾಡಿ ‘ದುಬಾರಿ ತಳಿ’ ಕೊಳ್ಳಲು ಹೊರಟವರು ಒಮ್ಮೆ ಯೋಚಿಸಿ. ಹೆಚ್ಚಿನ ಸಾಕುವವರಿಗೆ ಇದು ಕಾಳಿಗೆ ಖರ್ಚು ಮಾಡುವ ಹವ್ಯಾಸ, ಸಂಪಾದನೆಯ ದಾರಿಯಲ್ಲ.

ಮರಳದ ಹಕ್ಕಿಗಳು

ಇಷ್ಟೆಲ್ಲ ತರಬೇತಿಯಿದ್ದರೂ ಪ್ರತಿ ಸೀಸನ್ನಿನಲ್ಲಿ ಹಲವು ಹಕ್ಕಿಗಳು ಮನೆಗೆ ಬರುವುದಿಲ್ಲ. ಗಿಡುಗ, ವಿದ್ಯುತ್ ತಂತಿ, ದಿಢೀರ್ ಮಳೆ, ವಿಪರೀತ ಸೆಕೆ, ನಮ್ಮಲ್ಲಾದರೆ ಗಾಜಿನ ಪುಡಿ ಲೇಪಿಸಿದ ಗಾಳಿಪಟದ ಮಾಂಜಾ ದಾರ, ಹೀಗೆ ಕಾರಣಗಳು ಹಲವು. 1997ರ ಜೂನ್‌ನಲ್ಲಿ ಬ್ರಿಟನ್ನಿನ ರೇಸಿಂಗ್ ಸಂಘದ ಶತಮಾನೋತ್ಸವಕ್ಕೆಂದು ಫ್ರಾನ್ಸಿನ ನಾಂಟ್‌ನಿಂದ ಸುಮಾರು 60,000 ಹಕ್ಕಿಗಳನ್ನು ಬಿಟ್ಟಿದ್ದರು. ಅವುಗಳಲ್ಲಿ ಸಾವಿರಾರು ಮರಳಲೇ ಇಲ್ಲ. ಆ ಹೊತ್ತಿಗೆ ಹಾದುಹೋದ ಕಾಂಕಾರ್ಡ್ ವಿಮಾನದ ಶಬ್ದದ ಅಲೆ ಅವುಗಳ ದಿಕ್ಕು ತಪ್ಪಿಸಿರಬಹುದು ಎಂದು ಭೂವಿಜ್ಞಾನಿಯೊಬ್ಬರು ವಾದಿಸಿದರು. ಅದು ಒಂದು ವಾದ ಮಾತ್ರ.

ತೈವಾನಿನಲ್ಲಿ ಹಕ್ಕಿಗಳನ್ನು ಹಡಗಿನಲ್ಲಿ ಒಯ್ದು ನಡುಸಮುದ್ರದಲ್ಲಿ ಬಿಡುತ್ತಾರೆ. ದಣಿದರೆ ಇಳಿಯಲು ಅಲ್ಲಿ ನೆಲವಿಲ್ಲ. ಮುಂಬೈಗೆ ಬಂದ ಹಕ್ಕಿ ಇಂಥ ಸಮುದ್ರದ ರೇಸ್‌ಗಳ ಹಕ್ಕಿಯೇ ಆಗಿತ್ತು.

ಆದ್ದರಿಂದ ಸಾಕುವವರಿಗೆ ನಾವು ಹೇಳುವುದು ಒಂದೇ. ಹಕ್ಕಿ ಕಾಳು ಬಿಟ್ಟಿದ್ದರೆ, ಎದೆ ಇಳಿದಿದ್ದರೆ, ರೆಕ್ಕೆಯ ದೊಡ್ಡ ಗರಿಗಳು ಒಟ್ಟಿಗೆ ಉದುರಿದ್ದರೆ, ದಾರಿಯಲ್ಲಿ ಮೋಡ ಕಟ್ಟಿದ್ದರೆ, ಆ ವಾರ ಬುಟ್ಟಿಗೆ ಹಾಕಬೇಡಿ. ಒಂದು ರೇಸ್ ತಪ್ಪಿದರೆ ಮುಂದಿನ ವಾರ ಇನ್ನೊಂದಿದೆ. ಹಕ್ಕಿ ತಪ್ಪಿದರೆ ಇಲ್ಲ.

ಇನ್ನೊಂದು ಮಾತು ಸಾಕುವವರ ಆರೋಗ್ಯದ್ದು. ಒಣಗಿದ ಹಿಕ್ಕೆ ಮತ್ತು ಗರಿಯ ಧೂಳನ್ನು ವರ್ಷಗಟ್ಟಲೆ ಉಸಿರಾಡಿದರೆ ಕೆಲವರಿಗೆ ಶ್ವಾಸಕೋಶದ ಅಲರ್ಜಿ ಕಾಯಿಲೆ ಬರುತ್ತದೆ. ಗೂಡು ಗುಡಿಸಿದ ಕೆಲವು ಗಂಟೆಗಳ ಮೇಲೆ ಒಣಕೆಮ್ಮು, ಚಳಿಜ್ವರ, ಏದುಸಿರು ಪದೇಪದೇ ಕಾಣಿಸಿಕೊಂಡರೆ ಶ್ವಾಸಕೋಶ ತಜ್ಞರನ್ನು ಕಾಣಿ, ‘ಪಾರಿವಾಳ ಸಾಕುತ್ತೇನೆ’ ಎಂದು ಮರೆಯದೆ ಹೇಳಿ. ಗುಡಿಸುವಾಗ ಎನ್-95 ಮಾಸ್ಕ್ ಧರಿಸಿ, ನೆಲಕ್ಕೆ ನೀರು ಚಿಮುಕಿಸಿ.

ನಿಮ್ಮ ತಾರಸಿಗೆ ಉಂಗುರದ ಹಕ್ಕಿ ಬಂದರೆ

1. ಓಡಿಸಬೇಡಿ. ಬೆಕ್ಕು, ನಾಯಿ, ಕಾಗೆಗಳಿಂದ ದೂರವಿಡಿ. ನೆರಳಿನಲ್ಲಿ, ಗಾಳಿಯಾಡುವ ರಟ್ಟಿನ ಪೆಟ್ಟಿಗೆ ಸಾಕು.
2. ಅಗಲ ಬಾಯಿಯ ಬಟ್ಟಲಿನಲ್ಲಿ ಒಂದಿಂಚು ಆಳದ ನೀರಿಡಿ. ಪಾರಿವಾಳ ಕೊಕ್ಕು ಮುಳುಗಿಸಿ ಹೀರಿ ಕುಡಿಯುತ್ತದೆ. ಬಾಯಿಗೆ ನೀರು ಸುರಿಯಬೇಡಿ.
3. ಜೋಳ, ಅಕ್ಕಿ, ಗೋಧಿ, ಹೆಸರುಕಾಳನ್ನು ಹಸಿಯಾಗಿಯೇ ಕೊಡಿ. ಅನ್ನ, ಬ್ರೆಡ್, ಹಾಲು ಬೇಡ.
4. ಒಂದು ರಾತ್ರಿ ವಿಶ್ರಾಂತಿ ಕೊಟ್ಟು, ಮರುದಿನ ಬೆಳಗ್ಗೆ ಬಿಸಿಲಿದ್ದರೆ ಬಯಲಿನಲ್ಲಿ ಬಿಡಿ. ಹೆಚ್ಚಿನವು ಒಂದು ಸುತ್ತು ಹಾಕಿ ಹೊರಟುಬಿಡುತ್ತವೆ.
5. ರೆಕ್ಕೆ ಇಳಿಬಿದ್ದಿದ್ದರೆ, ರಕ್ತ ಬರುತ್ತಿದ್ದರೆ ಪಶುವೈದ್ಯರ ಬಳಿಗೆ ಅಥವಾ ಪ್ರಾಣಿರಕ್ಷಣಾ ಸಂಸ್ಥೆಗೆ ಒಯ್ಯಿರಿ.
6. ಉಂಗುರದ ಸಂಖ್ಯೆ ಬರೆದುಕೊಂಡು ಹತ್ತಿರದ ಪಾರಿವಾಳ ಸಾಕುವವರಿಗೆ ತಿಳಿಸಿದರೆ ಅವರ ಸಂಘದ ಮೂಲಕ ಯಜಮಾನರು ಸಿಗಬಹುದು. ಉಂಗುರವನ್ನು ಕತ್ತರಿಸಬೇಡಿ, ರೆಕ್ಕೆ ಕತ್ತರಿಸಿ ಇಟ್ಟುಕೊಳ್ಳಬೇಡಿ.
7. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ.

ಉಂಗುರ ಬಿಟ್ಟು ಬೇರೆ ಯಾವುದಾದರೂ ಸಾಧನವೋ ಚೀಟಿಯೋ ಕಟ್ಟಿದ್ದು ನಿಜವಾಗಿ ಅನುಮಾನ ಬಂದರೆ ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಿ. ನೋಡುವುದು ಅವರ ಕೆಲಸ. ಅದಕ್ಕೆ ಮುಂಚೆಯೇ ‘ಗೂಢಚಾರಿ’ ಎಂದು ತೀರ್ಪು ಕೊಟ್ಟು ಗುಂಪುಗಳಿಗೆ ಕಳುಹಿಸುವುದು ಬೇಡ. ನಾಳೆ ಯಾರದೋ ಮನೆಯ ಮಗು ತಾರಸಿಯ ಮೇಲೆ ಇಂಥದ್ದೇ ಹಕ್ಕಿಯನ್ನು ಕಂಡಾಗ ಕೈಗೆ ಬರುವುದು ಕಲ್ಲೋ ನೀರಿನ ಬಟ್ಟಲೋ ಎಂಬುದು ನಾವು ಇಂದು ಏನನ್ನು ಫಾರ್ವರ್ಡ್ ಮಾಡುತ್ತೇವೆ ಎಂಬುದನ್ನೂ ಅವಲಂಬಿಸಿದೆ.

ಆ ಹಕ್ಕಿಗೆ ನಿಮ್ಮ ಮನೆಯ ಗುಟ್ಟು ಬೇಕಿಲ್ಲ. ಅದು ತನ್ನ ಮನೆ ಹುಡುಕುತ್ತಿದೆ.